ತಂಗಿ ಊರಿನ ಉಡಿ

"ಧೋತರ ಇನ್ನೊಂದೀಟು ಬಿಗಿ ಹಿಡದ ಕಟ್ರೋ, ಇಟಲಿ ಸುಕ್ಕಸುಕ್ಕ ಕಾಣತೈತಿ!" ಎಂದು ರಾವಸಾಹೇಬರು ಕೂಗಿದರು. ಅಥಣಿಯ ದ್ರಾಕ್ಷಿ ಬೆಳೆಗಾರರ ಸೊಸೈಟಿಯ ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಿಗೆ ಜಮಖಾನೆ ಹೊದಿಸಿ ಹಾಡಹಗಲೇ ಕತ್ತಲೆ ಮಾಡಿ, ಪರದೆಗೆಂದು ಗೋಡೆಗೆ ಬಿಳಿ ಧೋತರ ಕಟ್ಟುತ್ತಿದ್ದರು. ಇಟಲಿಯ ಸಾನ್ ಬೆರ್ತೋಲಾ ಎಂಬ ದ್ರಾಕ್ಷಿ ಊರು ಅಥಣಿಯ ಜೊತೆ ನಂಟು ಬೆಳೆಸಿತ್ತು. ಆ ಊರಿನ ಅಧ್ಯಕ್ಷೆ ಕ್ಲಾರಾ, ತಮ್ಮ ಊರು ಹೇಗಿದೆ ಎಂದು ತೋರಿಸಲು ಸ್ಲೈಡುಗಳ ಪೆಟ್ಟಿಗೆ ಹೊತ್ತು ತಾವೇ ಬಂದಿದ್ದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಷ್ಟು ದೂರದಿಂದ ಅಥಣಿಯನ್ನು ಹುಡುಕಿಕೊಂಡು ಬಂದವರು ಇವರೇ ಮೊದಲು.

ಈ ನಂಟಿನ ಸುದ್ದಿ ಹೇಳುವಾಗ ಸೊಸೈಟಿಯ ಸೆಕ್ರೆಟರಿ ರಾವಸಾಹೇಬರು, "ಇನ್ನ ಮ್ಯಾಲ ಅದು ನಮಗ ತಂಗಿ ಊರು" ಎಂದುಬಿಟ್ಟಿದ್ದರು. ಹೆಂಗಸರಿಗೆ ಅಷ್ಟು ಸಾಕಾಯಿತು. ತಂಗಿ ತವರಿಗೆ ಬಂದರೆ ಮಡಿಲು ತುಂಬದೆ, ಬರಿ ಉಡಿಯಲ್ಲಿ ಕಳಿಸುವುದುಂಟೇ? ಗುಳೇದಗುಡ್ಡದ ರವಿಕೆ ಕಣ ಬಂತು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಬಂದವು. ಅಕ್ಕಿಯ ಜೊತೆ ನಮ್ಮ ಒಣದ್ರಾಕ್ಷಿಯೂ ಇರಲಿ ಎಂದು ತೀರ್ಮಾನವಾಯಿತು. ರಾವಸಾಹೇಬರಿಗೆ ಬೇಡವೆನ್ನುವ ಧೈರ್ಯವಾಗಲಿಲ್ಲ.

ಒಣದ್ರಾಕ್ಷಿ ಚನ್ನವ್ವನ ತೋಟದ್ದು. ಅವಳು ರಾವಸಾಹೇಬರ ತಮ್ಮನ ಹೆಂಡತಿ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾನೇ ನಿಂತು ನಡೆಸುತ್ತಿದ್ದಳು. ಮೂರು ದಿನ ಕೂತು ಒಂದೊಂದೇ ಕಾಳು ಆರಿಸಿ ತಟ್ಟೆ ತುಂಬಿಸಿದ್ದಳು. ಆದರೆ ಉಡಿ ತುಂಬುವುದು ಮುತ್ತೈದೆಯರ ಕೆಲಸ. ತಟ್ಟೆಯನ್ನು ನೆಗೆಣ್ಣಿ, ರಾವಸಾಹೇಬರ ಹೆಂಡತಿ ಅಕ್ಕವ್ವನ ಕೈಗಿತ್ತು, ಎಲ್ಲರ ಹಿಂದೆ ಗೋಡೆಗೆ ಒರಗಿ ನಿಂತಳು. ಸಂಕಟವಾಗಲಿಲ್ಲ ಎಂದಲ್ಲ. ಆದರೆ ಇನ್ನೊಂದು ದೇಶದ ದ್ರಾಕ್ಷಿ ತೋಟ ಕಣ್ಣೆದುರು ಬರುವಾಗ ಸಂಕಟಕ್ಕೆ ಪುರಸೊತ್ತೆಲ್ಲಿ!

ಮೊದಲ ಸ್ಲೈಡ್ ಧೋತರದ ಮೇಲೆ ಬಿದ್ದದ್ದೇ ಗೋದಾಮು ಹೋ ಎಂದಿತು. ಗುಡ್ಡದ ತುಂಬ ದ್ರಾಕ್ಷಿ ಬಳ್ಳಿ.

"ಅಷ್ಟ ಮ್ಯಾಲ ನೀರ ಹೆಂಗ ಏರಸ್ತಾರ್ರಿ?" ಎಂದು ಬೆಳೆಗಾರ ಧೂಳಪ್ಪ ಎದ್ದು ನಿಂತು ಕೇಳಿದ.

ಕ್ಲಾರಾ ಅವರ ಇಂಗ್ಲಿಷೂ ರಾವಸಾಹೇಬರ ಇಂಗ್ಲಿಷೂ ಒಂದೇ ಅಳತೆಯವು. ಹಾಗಾಗಿ ಚೆನ್ನಾಗಿ ಹೊಂದಿಕೊಂಡವು. "ನೀರ ಏರಸೂದಿಲ್ಲಂತ. ಮಳೀ ಮ್ಯಾಲೇ ಬೆಳೀತಾವಂತ!" ಎಂದು ರಾವಸಾಹೇಬರು ಅವರ ಮಾತನ್ನು ಕನ್ನಡಕ್ಕೆ ತಂದರು.

"ಪುಣ್ಯೇವಂತರಪಾ" ಎಂದು ಧೂಳಪ್ಪ ಕೂತ.

ಮುಂದಿನದರಲ್ಲಿ ಬಳ್ಳಿಗಳ ಮೇಲೆ ಹಿಮ. ಅದರ ಮುಂದಿನದರಲ್ಲಿ ಹೆಂಗಸರು ಮೊಣಕಾಲ ತನಕ ಲಂಗ ಎತ್ತಿ, ದೊಡ್ಡ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುತ್ತಿದ್ದರು. "ಅಯ್ ಇವ್ವಾ, ತಿನ್ನೂದನ್ನ ತುಳ್ಯಾಕತ್ತಾರ!" ಎಂದು ಹೆಂಗಸರು ಬಾಯಿಗೆ ಸೆರಗು ಇಟ್ಟರು. ಚನ್ನವ್ವನಿಗೆ ನಗು ತಡೆಯಲಾಗಲಿಲ್ಲ. ಬಳ್ಳಿಯನ್ನು ತಂತಿಗೆ ಕಟ್ಟಿದ ರೀತಿ ತನ್ನ ತೋಟದ್ದೇ ಎಂದು ಕಂಡಾಗಲಂತೂ ಪಕ್ಕದವಳ ಭುಜ ಹಿಡಿದು ಅಲುಗಿಸಿಬಿಟ್ಟಳು.

ಕೊನೆಯ ಸ್ಲೈಡಿನಲ್ಲಿ ಬಳ್ಳಿಯ ಕೆಳಗೆ ದಪ್ಪ ಮೀಸೆಯ ಒಬ್ಬ ಗಂಡಸು ನಗುತ್ತ ನಿಂತಿದ್ದ. ಕ್ಲಾರಾ ಮಾತು ನಿಲ್ಲಿಸಿ ಧೋತರವನ್ನು ಬೆರಳ ತುದಿಯಿಂದ ಮುಟ್ಟಿದರು. ಆಮೇಲೆ ಮೆಲ್ಲಗೆ ಏನೋ ಹೇಳಿದರು.

"ಇವರು ಅವರ ಮನಿಯವರಂತ" ಎಂದರು ರಾವಸಾಹೇಬರು. "ತೀರಿಕೊಂಡ ಬಾಳ ವರ್ಸ ಆತಂತ. ಈಗ ತೋಟ ಕ್ಲಾರಾ ಬಾಯಾರ ನೋಡ್ತಾರಂತ."

ಜಮಖಾನೆಗಳನ್ನು ಎಳೆದರು, ಬೆಳಕು ಒಳಗೆ ನುಗ್ಗಿತು. ತಟ್ಟೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದಿದ್ದ ಅಕ್ಕವ್ವ ಅಲ್ಲೇ ನಿಂತಳು. ಇಷ್ಟು ದಿನ ಇದೊಂದು ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. "ಕುಂಕಮ ಹಚ್ಚೂದ ಹೆಂಗ ಇನ್ನ?" ಎಂದು ಒಬ್ಬಳು ಪಿಸುಗುಟ್ಟಿದಳು. ರಾವಸಾಹೇಬರು ಹೆಂಡತಿಯ ಹತ್ತಿರ ಬಗ್ಗಿ, "ತಟ್ಟಿ ಒಳಗ ಒಯ್ಯಿ. ಶಾಲು ಹೊಚ್ಚಿ ಮುಗಸೂಣು" ಎಂದರು. ಕ್ಲಾರಾ ಮಾತ್ರ ಏನೂ ತಿಳಿಯದೆ ತಟ್ಟೆಯ ಕಡೆ ನೋಡಿ, ಮಕ್ಕಳ ಹಾಗೆ ಖುಷಿಯಿಂದ ನಗುತ್ತಿದ್ದರು.

ಆ ನಗು ಚನ್ನವ್ವನ ಎದೆಗೆ ನಾಟಿತು. ತನ್ನ ಮುಂದಿನಿಂದ ಎಷ್ಟೋ ತಟ್ಟೆಗಳು ಹೀಗೆಯೇ ಹಾದುಹೋಗಿದ್ದವು, ಅವನ್ನೆಲ್ಲ ನುಂಗಿಕೊಂಡಿದ್ದಳು. ಇದನ್ನು ನುಂಗಲಾಗಲಿಲ್ಲ. ಭಾವನ ಎದುರು ಎಂದೂ ದನಿ ಎತ್ತದವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಅಕ್ಕಾ, ತಟ್ಟಿ ಕೊಡ ಇಲ್ಲೆ."

"ಚನ್ನಿ, ಹುಚ್ಚಿ ಆದ್ಯೇನ? ಆಕೀನೂ ಹಂಗ, ನೀನೂ..." ಅಕ್ಕವ್ವ ತಟ್ಟೆಯನ್ನು ಎದೆಗೊತ್ತಿಕೊಂಡಳು.

"ಉಡಿ ಆಕಿದಲ್ಲ, ಊರಿಂದು. ಊರಿಗಿ ಯಾವಾಗರೆ ಮುತ್ತೈದಿತನ ಹೋಗತೈತೇನ?"

ಅಕ್ಕವ್ವ ಗಂಡನ ಮುಖ ನೋಡಿದಳು, ಆಮೇಲೆ ಕ್ಲಾರಾ ಮುಖ ನೋಡಿದಳು. ತಟ್ಟೆಯನ್ನು ಚನ್ನವ್ವನ ಕೈಗಿಟ್ಟು, ಕುಂಕುಮದ ಬಟ್ಟಲನ್ನು ತಾನೇ ತೆಗೆದುಕೊಂಡು ಅತಿಥಿಯ ಹಣೆಗೆ ಹಚ್ಚಿದಳು. "ಸೆರಗ ಇಲ್ಲಲ್ಲಬೇ ಈಕಿಗಿ!" ಎಂದು ಯಾರೋ ಕೂಗಿದಾಗ ಎಲ್ಲರಿಗೂ ಒಮ್ಮೆಲೇ ನಗು ಬಂತು. ಸನ್ಮಾನದ ಶಾಲನ್ನೇ ಕ್ಲಾರಾ ಕೈಗಳಲ್ಲಿ ಉಡಿಯಂತೆ ಹಿಡಿಸಿದರು. ಚನ್ನವ್ವ ಬೊಗಸೆ ಬೊಗಸೆಯಾಗಿ ತುಂಬಿದಳು.

ಪದ್ಧತಿಯನ್ನು ಕ್ಲಾರಾಗೆ ಯಾರೂ ವಿವರಿಸಿರಲಿಲ್ಲ. ಕೊಟ್ಟವರಿಗೆ ತಿರುಗಿ ಕೊಡಬೇಕೆಂದು ಅವರು ತಿಳಿದಿರಬೇಕು. ಶಾಲನ್ನು ಅಕ್ಕವ್ವನ ಕೈಗಿತ್ತು, ಅದರಿಂದ ಬೊಗಸೆ ತುಂಬ ಅಕ್ಕಿ, ದ್ರಾಕ್ಷಿ ಎತ್ತಿ ಚನ್ನವ್ವನ ಮುಂದೆ ಹಿಡಿದರು. ಚನ್ನವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಹಿಡೀ ಚನ್ನೀ" ಎಂದಳು ಅಕ್ಕವ್ವ.

ಸೊಂಟಕ್ಕೆ ಬಿಗಿದಿದ್ದ ಸೆರಗನ್ನು ಬಿಚ್ಚಿ ಉಡಿ ಒಡ್ಡಲು ಚನ್ನವ್ವನಿಗೆ ತುಸು ಹೊತ್ತು ಹಿಡಿಯಿತು. ಅಲ್ಲಿಯವರೆಗೂ ಕ್ಲಾರಾ ಬೊಗಸೆ ತಗ್ಗಿಸದೆ ನಿಂತೇ ಇದ್ದರು.