ಮುಳ್ಳು ಮುಚ್ಚದ ಗಾಳ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬೈಲಹೊಂಗಲದ ನನ್ನ ಪಂಪ್‌ಸೆಟ್ ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಇದು ಗೊತ್ತು. ಹೆಂಡತಿ ಶೈಲಜಾಗಂತೂ ಇಪ್ಪತ್ತೆರಡು ವರ್ಷದಿಂದ ಗೊತ್ತು. ಆಕೆಗೆ ಗೊತ್ತಿಲ್ಲದ್ದು ಒಂದೇ, ನಾನು ಕದ್ದು ಮೀನು ಹಿಡಿಯುತ್ತೇನೆ ಎನ್ನುವುದು.

ಹಿಡಿದು ಬಿಟ್ಟುಬಿಡುತ್ತೇನೆ, ತಿನ್ನುವುದಿಲ್ಲ. ಎರೆಹುಳ, ಸೀಗಡಿ ಮುಟ್ಟುವುದೂ ಇಲ್ಲ. ಮೆತ್ತನೆಯ ಪ್ಲಾಸ್ಟಿಕ್ಕಿನ ಮರಿಮೀನುಗಳು ಸಿಗುತ್ತವೆ, ನೀರಿನಲ್ಲಿ ಎಳೆದರೆ ಬಾಲ ಅಲ್ಲಾಡಿಸುತ್ತವೆ. ಗಾಳಕ್ಕೆ ಅದನ್ನೇ ಪೋಣಿಸುತ್ತೇನೆ. ಜೀವವೇ ಇಲ್ಲದ್ದಕ್ಕೆ ಎಲ್ಲಿಯ ದೋಷ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದನ್ನೇ ಮನೆಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಮಠದ ಶ್ರಾವಣ ಪುರಾಣ ಕಮಿಟಿಗೆ ನಾನೇ ಅಧ್ಯಕ್ಷ.

ಈ ಚಟ ಹಚ್ಚಿದವನು ಗೌತಮ. ಸವದತ್ತಿ ಹತ್ತಿರ ಮಲಪ್ರಭೆಯ ಹಿನ್ನೀರಿನ ದಂಡೆಯ ಹಳ್ಳಿಯ ಹುಡುಗ. ಹುಡುಗ ಎಂದರೆ ಮೂವತ್ತರ ಹತ್ತಿರ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವಲ್ಲಿ ನಾಲ್ಕು ವರ್ಷ ದೋಣಿಯಲ್ಲಿ ದುಡಿದು, ಅಳಿವೆಯ ಮೀನುಗಳಿಗೆ ಪ್ಲಾಸ್ಟಿಕ್ ಮರಿ ಆಡಿಸುವುದನ್ನು ಕಲಿತು ಬಂದಿದ್ದ. ಈಗ ಹುಬ್ಬಳ್ಳಿ, ಬೆಳಗಾವಿಯಿಂದ ಬರುವ ನನ್ನಂಥ ಹುಚ್ಚರನ್ನು ಹಿನ್ನೀರಿಗೆ ಕರೆದೊಯ್ಯುವುದೇ ಅವನ ಕಸುಬು.

ಅವತ್ತು ಶ್ರಾವಣದ ಎರಡನೇ ಸೋಮವಾರ. ಸಿರಸಂಗಿಗೆ ಕಾಳವ್ವನ ದರ್ಶನಕ್ಕೆ ಹೋಗುತ್ತೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದೆ. ಹೊಸ ಮಳೆಯ ನೀರು ಕೆಂಪಗೆ ತುಂಬಿತ್ತು. ನಾನು ಡಬ್ಬಿಯಿಂದ ಬೆಳ್ಳಿ ಬಣ್ಣದ ಮರಿ ತೆಗೆದೆ.

"ಅದು ತಿಳಿನೀರಿಗೆ ಛಲೋರೀ ಸಾವ್ಕಾರ್ರ. ಕೆಂಪ ನೀರಾಗ ಮೀನಿಗೆ ಕಾಣೂದಿಲ್ಲ. ಕರೀದು ಹಾಕ್ರಿ" ಎಂದ ಗೌತಮ. "ಗಾಳದ ತಲಿಯ ಸೀಸದ ಗುಂಡೂ ಹಗರ ಇರಲಿ. ಸಾವಕಾಶ ಇಳೀಬೇಕದು. ಇಳಿಯೂವಾಗನ ಮೀನ ಹಿಡೀತೈತಿ. ಮತ್ತ ಬುಡಕ ಜಾಲಿ ಬೊಡ್ಡಿ ಭಾಳ ಅದಾವ, ಗಾಳದ ಮುಳ್ಳ ಪ್ಲಾಸ್ಟಿಕ್ಕಿನ ಒಳಗ ಮುಚ್ಚಿ ಹಾಕ್ರಿ."

ಅವನು ಹೇಳಿದ ಹಾಗೆಯೇ ಮಾಡಿದೆ. ಮರಿ ಇಳಿಯುವಾಗ ದಾರಕ್ಕೆ ಎರಡು ಸಲ ಟಕ್ಕನೆ ಪೆಟ್ಟು ಬಿತ್ತು. ಹಾವಿನ ತಲೆಯ ಮುರಲ್ ಮೀನು, ದೊಡ್ಡದೇ. ಎರಡು ಸಲವೂ ಕಚ್ಚಿ ಉಗುಳಿತು. ಮುಳ್ಳು ಮುಚ್ಚಿದ್ದರಿಂದಲೇ ಸಿಗಲಿಲ್ಲ ಎಂದು ನನ್ನ ತಲೆ ಕೆಟ್ಟಿತು. ಗೌತಮ ಬೇಡ ಬೇಡ ಎನ್ನುತ್ತಿದ್ದರೂ ಭಾರದ ಸೀಸದ ತಲೆಯ ಗಾಳ ಕಟ್ಟಿ, ಮುಳ್ಳನ್ನು ಹೊರಗೇ ಬಿಟ್ಟು ಎಸೆದೆ. ಸೀದಾ ತಳಕ್ಕೆ ಹೋಗಿ ಬೊಡ್ಡೆಗೆ ಸಿಕ್ಕಿಕೊಂಡಿತು.

"ಜಗ್ಗಬ್ಯಾಡ್ರಿ. ತಿರಗಿ ಮಾರೀಗೆ ಹಾರತೈತಿ. ದಾರಾ ಟಾವೆಲ್ಲಿಗೆ ಸುತ್ತಿ, ಮಾರಿ ಆ ಕಡೆ ಮಾಡಿ ಹಿಂದಕ್ಕ ನಡೀರಿ" ಎಂದ ಅವನು.

ನನಗೆ ಹೇಳಲು ಇವನ್ಯಾರು ಎನಿಸಿತು. ಹಲ್ಲು ಕಚ್ಚಿ ಜಗ್ಗಿದೆ. ಗಾಳ ಕಿತ್ತುಕೊಂಡು ಗುಂಡಿನಂತೆ ಬಂದು ಎಡಗಣ್ಣಿನ ಕೆಳರೆಪ್ಪೆಯೊಳಗೆ ಹೊಕ್ಕಿತು.

ಗೌತಮ ಗಾಳವನ್ನು ಮುಟ್ಟಲಿಲ್ಲ. ದಾರ ಕತ್ತರಿಸಿ, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸವದತ್ತಿಗೆ ಹೊರಟ. ಕಪ್ಪು ಮರಿ ನನ್ನ ಕೆನ್ನೆಯ ಮೇಲೆ ಪಟಪಟ ಬಡಿಯುತ್ತಿತ್ತು. ಕಣ್ಣು ಹೋಯಿತು ಎಂದು ಅಳು ಬಂತು. ಅದರ ಬೆನ್ನಿಗೇ, ನಾಚಿಕೆಗೇಡು, ಸಂಜೆಯ ಪುರಾಣ ನೆನಪಾಯಿತು.

"ಗೌತಮ, ಗಾಳ ನಿಂದ ಅಂತ ಹೇಳತೇನಿ. ನಾ ದಂಡಿ ಮ್ಯಾಲೆ ಸುಮ್ನ ನಿಂತಿದ್ದೆ, ನೀ ಬೀಸೂವಾಗ ಬಡೀತು" ಎಂದೆ.

ಅವನು ಗಾಡಿ ನಿಧಾನ ಮಾಡಿದ. "ನಿಮ್ಮ ಮಂದಿ ನನ್ನ ಸುಮ್ನ ಬಿಡತಾರೇನ್ರಿ?" ಎಂದ.

"ನಾ ಅದೀನಲ್ಲೋ. ಒಬ್ಬರನ್ನೂ ನಿನ್ನ ಮೈ ಮುಟ್ಟಾಕ ಬಿಡೂದಿಲ್ಲ."

"ಸುಳ್ಳ ನಾ ಹೇಳೂದಿಲ್ರಿ. ನೀವು ಹೇಳಿದ್ರ ಸುಮ್ನಿರತೇನಿ" ಎಂದು ಗಾಡಿ ಜೋರು ಮಾಡಿದ.

ದವಾಖಾನೆಯಲ್ಲಿ ಡಾಕ್ಟರ್ ಮೀನಾ, ಇದು ಹೇಗಾಯಿತು ಎಂದು ಕೇಳಿದರು. ಗೌತಮನ ಕಡೆ ಬೆರಳು ಮಾಡಿ ಹೇಳಿದೆ. ಅವರು ಬರೆದುಕೊಂಡರು. ಅವನು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತ.

ಅಷ್ಟರಲ್ಲಿ ಶೈಲಜಾಳ ಫೋನು ಬಂದು, ನರ್ಸ್ ಎತ್ತಿ ನಾನು ಬರೆಸಿದ್ದನ್ನೆಲ್ಲ ಹೇಳಿಬಿಟ್ಟಳು. ಆಕೆಯ ತಮ್ಮ ಸುಭಾಸನದು ಸವದತ್ತಿಯಲ್ಲೇ ಗೊಬ್ಬರದ ಅಂಗಡಿ. ಮಾತಿಗಿಂತ ಮೊದಲು ಕೈ ಓಡುವ ಮನುಷ್ಯ. ಅವನನ್ನೇ ಕಳಿಸುತ್ತಾಳಂತೆ ಎಂದಳು ನರ್ಸ್.

ನನ್ನನ್ನು ಮೇಜಿನ ಮೇಲೆ ಮಲಗಿಸಿ ಡಾಕ್ಟರು ಮರಗಟ್ಟಿಸುವ ಸೂಜಿ ಹಾಕಿದರು. "ಮುಳ್ಳು ಕಣ್ಣಗುಡ್ಡಿಗೆ ಭಾಳ ಹತ್ರ ಐತಿ. ಮಾರಿ ಒಂದೀಟೂ ಅಲಗಬಾರದು. ಬಾಯಿ ತಗೀಬ್ಯಾಡ್ರಿ" ಎಂದರು.

ಬಾಗಿಲಿನ ಪರದೆ ಅರ್ಧ ಸರಿದಿತ್ತು. ಬಲಗಣ್ಣಿಗೆ ಹೊರಗಿನ ಬೆಂಚು ಕಾಣುತ್ತಿತ್ತು. ಸುಭಾಸ ಬಂದವನೇ ಗೌತಮನ ಕಾಲರ್ ಹಿಡಿದು ಎಬ್ಬಿಸಿದ.

"ನಮ್ಮ ಮಾಮಾನ ಕಣ್ಣ ತಗೀತಿ ಏನಲೇ? ಯಾರ ಮ್ಯಾಲೆ ಗಾಳ ಬೀಸಾಕ ಹತ್ತೀದಿ, ಗೊತ್ತೈತೇನ ನಿನಗ?"

ಏಟಿನ ಸಪ್ಪಳ ಕೇಳಿತು. ಮತ್ತೊಂದು. ಗೌತಮ ಕೈ ಎದುರು ಮಾಡಲಿಲ್ಲ. ಪರದೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದ. ನಾನೂ ಅವನನ್ನು ನೋಡಿದೆ. ಡಾಕ್ಟರು ಮುಳ್ಳಿನ ತುದಿಯನ್ನು ಚರ್ಮದಿಂದ ಹೊರಗೆ ನೂಕುತ್ತಿದ್ದರು. ಈಗ ಬಾಯಿ ತೆಗೆದರೆ ಕಣ್ಣು ಹೋಗುತ್ತದೆ, ಇನ್ನೊಂದೇ ನಿಮಿಷ, ಇನ್ನೊಂದೇ ನಿಮಿಷ ಎಂದುಕೊಳ್ಳುತ್ತಿದ್ದೆ. ಮೂರನೇ ಏಟು ಕಿವಿಯ ಮೇಲೆ ಬಿತ್ತು. ಅವನು ಗೋಡೆ ಹಿಡಿದು ಕುಸಿದ. "ಹೊರಗ ಏನ ಗದ್ದಲ ಅದು, ನಿಲ್ಲಸ್ರಿ" ಎಂದು ಡಾಕ್ಟರು ಕೈಯಲ್ಲಿನ ಇಕ್ಕಳ ಬಿಡದೆ ಗದರಿದರು. ಸುಭಾಸ ಪೊಲೀಸರಿಗೆ ಫೋನು ಹಚ್ಚತೊಡಗಿದ.

ಕಡೆಗೆ ಡಾಕ್ಟರು ಮುಳ್ಳಿನ ತುದಿ ಕತ್ತರಿಸಿ ಗಾಳವನ್ನು ಹಿಂದಕ್ಕೆ ಎಳೆದು ತಟ್ಟೆಗೆ ಹಾಕಿದರು. "ಕಣ್ಣಿಗೇನೂ ಆಗಿಲ್ಲ. ಇನ್ನ ಮಾತಾಡ್ರಿ" ಎಂದರು.

ಎದ್ದು ಹೊರಗೆ ಹೋಗಿ, "ಅವನ್ನ ಬಿಡು ಸುಭಾಸ. ಗಾಳ ನಂದು. ನಾನ ಜಗ್ಗಿ ಹೊಡಕೊಂಡೇನಿ" ಎಂದೆ. ಸುಭಾಸ ಫೋನು ಕೆಳಗಿಳಿಸಿದ. ಡಾಕ್ಟರು ಮೊದಲು ಬರೆದದ್ದನ್ನು ಹೊಡೆದುಹಾಕಿದರು. ಗೌತಮ ಮುಖ ತೊಳೆದುಕೊಂಡು ಬೈಕ್ ಹತ್ತಿ ಹೋದ.

ಕಮಿಟಿ ಬಿಟ್ಟೆ. ಶೈಲಜಾ ಹದಿನೈದು ದಿನ ಮಾತು ಬಿಟ್ಟಳು. ಆಮೇಲೆ ಆಕೆಯೇ, ಇಷ್ಟು ಮಂದಿಯ ಎದುರು ತಪ್ಪು ಒಪ್ಪಿಕೊಂಡಿರಲ್ಲ, ಅಷ್ಟು ಸಾಕು ಎಂದಳು. ಅಂಗಡಿಗೆ ಬಂದವರೂ ಹಾಗೇ ಅಂದರು. ಕೇಳಿ ಕೇಳಿ ನಾನೂ ದೊಡ್ಡ ಮನುಷ್ಯನೇ ಇರಬೇಕು ಅನಿಸತೊಡಗಿತು.

ಒಂದು ತಿಂಗಳಾದ ಮೇಲೆ ಗೌತಮನ ಮನೆಗೆ ಹೋದೆ. ಅವನ ತಾಯಿ ಕಾಡವ್ವ ನೀರು ಕೊಟ್ಟು ಒಳಗೆ ಹೋದಳು. ಎಡಗಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತದೆ ಎಂದು ಅವನು ಬಲಗಿವಿ ನನ್ನ ಕಡೆ ಮಾಡಿ ಕುಳಿತ.

"ತಪ್ಪಾತಪಾ. ಆದ್ರ ಮೊದಲ ಹೆಂಗ ಹೇಳಬೇಕಿತ್ತು ಹೇಳು. ಬಾಯಿ ತಗೀಬ್ಯಾಡ ಅಂದಿದ್ರು ಡಾಕ್ಟರು" ಎಂದೆ.

"ಖರೆ ಐತ್ರಿ, ನನಗೂ ಕೇಳಿಸಿತ್ತು" ಎಂದ ಗೌತಮ. ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ. "ಕೈ ಎತ್ತಿ ತಡೀಬ್ಯಾಡ ಅಂದಿದ್ರೇನ್ರಿ?"

ಅವತ್ತು ನನ್ನ ಎರಡೂ ಕೈ ಹೊಟ್ಟೆಯ ಮೇಲೆ ಖಾಲಿಯೇ ಇದ್ದವು.