ಕೆಂಪಿಗೆ ಎರಡನೇ ಬಹುಮಾನ

೧೯೯೪ರಲ್ಲಿ ಬಂಗಾರಪೇಟೆಯ ಹಾಲಿನ ಕೇಂದ್ರವೊಂದಕ್ಕೆ ಕಂಪ್ಯೂಟರ್ ಬಂತು. ಅದನ್ನು ನೋಡಿಕೊಳ್ಳುತ್ತಿದ್ದವಳು ಊರಿಗಾಂನಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ವರಲಕ್ಷ್ಮಮ್ಮ. ಹಸುಗಳದ್ದೊಂದು, ಸಾಕಿದವರದ್ದೊಂದು, ಊರುಗಳದ್ದೊಂದು, ದಿನದ ಹಾಲಿನದ್ದೊಂದು ಎಂದು ಅವಳು ನಾಲ್ಕು ಪಟ್ಟಿ ಮಾಡಿಟ್ಟಿದ್ದಳು. ಯಾವ ಹೆಸರೂ ಎರಡು ಕಡೆ ಇರಲಿಲ್ಲ. ಆದರೆ ಯಾವ ಊರಿನ ಯಾವ ಹಸು ಹೆಚ್ಚು ಹಾಲು ಕೊಡುತ್ತದೆ ಎಂದು ಮ್ಯಾನೇಜರ್ ಜಯರಾಮಪ್ಪ ಕೇಳಿದರೆ, ಕಂಪ್ಯೂಟರು ನಾಲ್ಕೂ ಪಟ್ಟಿ ಜೋಡಿಸಿ ಉತ್ತರ ಕೊಡುವಷ್ಟರಲ್ಲಿ ಅವರು ಮನೆಗೆ ಹೋಗಿ, ಮುದ್ದೆ ಉಂಡು, ಒಂದು ನಿದ್ದೆ ತೆಗೆದು ಬರುತ್ತಿದ್ದರು.

ಬೇಸತ್ತ ವರಲಕ್ಷ್ಮಮ್ಮ ಎಲ್ಲವನ್ನೂ ಒಂದೇ ಉದ್ದ ಪಟ್ಟಿಗೆ ಸುರಿದಳು. ಪ್ರತಿದಿನದ ಹಾಲಿನ ಪಕ್ಕದಲ್ಲೇ ಹಸುವಿನ ಹೆಸರು, ಸಾಕಿದವರ ಹೆಸರು, ಊರು. ಬರೆದದ್ದನ್ನೇ ನೂರು ಸಲ ಬರೆದಂತಾಯಿತು. ಉತ್ತರ ಮಾತ್ರ ಟೀ ಆರುವ ಮೊದಲೇ ಬಂತು. ಖುಷಿಯಾದ ಜಯರಾಮಪ್ಪ ಆ ವರ್ಷದ ಹಾಲಿನ ಸ್ಪರ್ಧೆಯಲ್ಲಿ ಗೆದ್ದವರನ್ನೂ ಕಂಪ್ಯೂಟರೇ ಆರಿಸಲಿ ಎಂದುಬಿಟ್ಟರು.

ದಿನದ ಸರಾಸರಿಯಲ್ಲಿ ಮೊದಲನೆಯದು ಕಾಮಸಮುದ್ರದ ಸೊಣ್ಣಪ್ಪನ ರಾಣಿ, ಎರಡನೆಯದು ಕ್ಯಾಸಂಬಳ್ಳಿಯ ಮುನಿನಾರಾಯಣಮ್ಮನ ಕೆಂಪಿ. ಹಸು ಹಿಡಿದುಕೊಂಡು ಬನ್ನಿ ಎಂದು ಇಬ್ಬರಿಗೂ ಕಾಗದ ಹೋಯಿತು.

ಆ ದಿನ ಇಬ್ಬರೂ ಬಂದರು. ಹಸು ಒಂದೇ ಬಂತು. ಒಂದೇ ಹಗ್ಗವನ್ನು ಇಬ್ಬರೂ ಹಿಡಿದಿದ್ದರು. ಇನ್ನೊಂದೆಲ್ಲಿ ಎಂದು ಜಯರಾಮಪ್ಪ ಕೇಳಿದರು.

“ಎರಡೂ ಇದೇ ಸಾಮಿ,” ಎಂದಳು ಮುನಿನಾರಾಯಣಮ್ಮ. “ಉಗಾದಿ ಆದ್ಮೇಲೆ ಈ ಅಣ್ಣಂಗೆ ಮಾರ್ಬುಟ್ಟೆ.”

ಹೆಸರು ಬದಲಾದದ್ದು ಯಾಕೆ ಎಂದರೆ ಸೊಣ್ಣಪ್ಪ ತಲೆ ಕೆರೆದುಕೊಂಡ. “ನಮ್ಮತ್ತೆ ಎಸರು ಕೆಂಪಮ್ಮ ಸಾಮಿ. ಕೊಟ್ಟಿಗೇಲಿ ‘ಕೆಂಪಿ, ಜರುಗೇ’ ಅಂದ್ರೆ ಒಳಗಿಂದ ಅವ್ರು ಬೈತಾರೆ.”

ವರಲಕ್ಷ್ಮಮ್ಮನಿಗೆ ಆಗ ಹೊಳೆಯಿತು. ಹಸು ಮಾರಿದ ಮೇಲಿನ ದಿನಗಳಿಗೆ ಹೊಸ ಹೆಸರು ಬಿದ್ದಿತ್ತು. ಉದ್ದ ಪಟ್ಟಿಯ ಹಿಂದಿನ ಸಾಲುಗಳಲ್ಲಿ ಹಳೆಯದೇ ಉಳಿದು, ಒಂದೇ ಹಸು ಕಂಪ್ಯೂಟರಿಗೆ ಎರಡಾಗಿ ಕಂಡಿತ್ತು. ನಾಚಿಕೆಯಿಂದ ತಪ್ಪೊಪ್ಪಿಕೊಂಡಳು. ಕಾಗದ ಕಳಿಸಿ ಕರೆಸಿದವರನ್ನು ಬರಿಗೈಯಲ್ಲಿ ಕಳಿಸಲಾರದೆ ಜಯರಾಮಪ್ಪ ಒಬ್ಬನಿಗೆ ಸ್ಟೀಲ್ ಬಕೆಟ್ಟು, ಒಬ್ಬಳಿಗೆ ಹಿತ್ತಾಳೆ ಗಂಟೆ ಕೊಟ್ಟು, ಹಸುವಿಗೆ ಎರಡು ಸಲ ಹಾರ ಹಾಕಿದರು. ಎರಡನೇ ಹಾರವನ್ನು ಅದು ಅಲ್ಲೇ ತಿಂದಿತು.

ಉದ್ದ ಪಟ್ಟಿಯನ್ನು ವರಲಕ್ಷ್ಮಮ್ಮ ಬಿಡಲಿಲ್ಲ. ಪ್ರತಿ ಶನಿವಾರ ಅದನ್ನು ಅಳಿಸಿ, ನಾಲ್ಕು ಪಟ್ಟಿಗಳಿಂದ ಹೊಸದಾಗಿ ಕಟ್ಟತೊಡಗಿದಳು. ಆ ನಾಲ್ಕರಲ್ಲಿ ಇದ್ದದ್ದು ಹಸುವಿನ ಈಗಿನ ಹೆಸರು, ಈಗಿನ ಮನೆ ಮಾತ್ರ; ಹಾಗೆ ಕಟ್ಟಿದಾಗ ಹಿಂದಿನ ಕೆಂಪಿಯೂ ರಾಣಿಯಾದಳು, ಕ್ಯಾಸಂಬಳ್ಳಿಯಲ್ಲಿ ಅವಳಿಂದ ಕರೆದ ಹಾಲೆಲ್ಲ ಕಾಮಸಮುದ್ರದ್ದಾಯಿತು. ಅದನ್ನು ಮುನಿನಾರಾಯಣಮ್ಮನಿಗೆ ಯಾರೂ ಹೇಳಲಿಲ್ಲ.