ಕೊನೆಯ ಸಾಲು ಮಾತ್ರ

ಮೂರನೇ ದಿನದ ಕಾರ್ಯ ಮುಗಿದು, ಬಂದವರು ಅವರವರ ಮನೆ ಸೇರಿದ ಮೇಲಿನ ಮೊದಲ ಬೆಳಿಗ್ಗೆ. ಕಸ ಹೊರಗಿಟ್ಟೆ. ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಎಂದೆ. ಏಕೆಂದು ಅವನು ಕೇಳಲಿಲ್ಲ. ಆಮೇಲೆ ಮಾಡಲು ಏನೂ ತೋಚದೆ ಕುಳಿತಿದ್ದೆ. ಬಿಸಿಲು ಏರಿದ ಮೇಲೆ ಅತ್ತಿಗೆಯ ಫೋನ್ ಬಂತು.

"ಎಮ್ಮೆಸ್ಸಿ, ಅಂಗಡಿಗೆ ಬಾ. ಅವನ ಲ್ಯಾಪ್‌ಟಾಪ್ ತಗೊಂಡು ಬಾ. ಬೇಗ."

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ನಾನು ಗಣಿತ ಓದಿದವಳೆಂದು ಮದುವೆಯಾದಾಗಿನಿಂದ ಹಾಗೇ ಕರೆಯುತ್ತಾರೆ. ಉಸಿರಾಟದ ತೊಂದರೆ ಇರುವವರ ಮನೆಗೆ ಆಕ್ಸಿಜನ್ ಸಿಲಿಂಡರ್ ಕಳಿಸುವ ಅಂಗಡಿ ಅವರದು. ವಾರಕ್ಕೊಮ್ಮೆ ಖಾಲಿಯಾದದ್ದನ್ನು ತಂದು ತುಂಬಿದ್ದನ್ನು ಕೊಡುವುದು. ಅಂದು ಆ ವಾರದ ಸರದಿ.

ಅತ್ತಿಗೆಗೆ ಯಾರ ನಿಜವಾದ ಹೆಸರೂ ನೆನಪಿರುವುದಿಲ್ಲ. ಗಿರಾಕಿಗಳಿಗೆಲ್ಲ ತಾವೇ ಒಂದೊಂದು ಹೆಸರಿಟ್ಟಿದ್ದಾರೆ. ಮೇಷ್ಟ್ರು, ಹೊಲಿಗೆಯಮ್ಮ, ಗೊಣಗಪ್ಪ. ಅದಕ್ಕೆ ತಕ್ಕಂತೆ ನನ್ನ ಗಂಡ ಒಂದು ವೆಬ್ ಪುಟ ಮಾಡಿಕೊಟ್ಟಿದ್ದ. ಪುಟದಲ್ಲಿ ದೊಡ್ಡದೊಂದು ಖಾಲಿ ಚೌಕ. ಅದರೊಳಗೆ ಸಾಲಿಗೊಂದು ಹೆಸರು ಹಾಕಿ ಬಟನ್ ಒತ್ತಿದರೆ, ಪುಟ ಸಾಲುಗಳನ್ನು ಬಿಡಿಸಿ, ಪ್ರತಿ ಹೆಸರಿನ ವಿಳಾಸ ಹುಡುಕಿ ವ್ಯಾನಿನವನ ಫೋನಿಗೆ ಕಳಿಸುತ್ತಿತ್ತು. ಗುರುತು ಸಿಗದ ಹೆಸರಿದ್ದರೆ ಮೊದಲೆಲ್ಲ ಕೆಂಪು ಅಕ್ಷರದಲ್ಲಿ ಹೇಳುತ್ತಿತ್ತು. "ಕೆಂಪು ಕಂಡ್ರೆ ನನ್ನೆದೆ ಹೊಡ್ಕೊಳ್ಳತ್ತೆ, ತೆಗಿಯೋ ಅದನ್ನ" ಎಂದು ಅತ್ತಿಗೆ ಬೈದು ತೆಗೆಸಿದ್ದರು. ಅಲ್ಲಿಂದಾಚೆ ಪುಟ ಏನೇ ಆದರೂ "ಆಯ್ತು" ಎಂದಷ್ಟೇ ಹೇಳುತ್ತಿತ್ತು.

ಅಂದು ಬೆಳಿಗ್ಗೆಯೂ "ಆಯ್ತು" ಎಂದಿತ್ತು. ಹೋಗಿದ್ದು ಒಂದೇ ವಿಳಾಸ.

"ಗೊಣಗಪ್ಪಂದು ಮಾತ್ರ ಬಂತು ಅಕ್ಕ," ಎಂದ ವ್ಯಾನಿನವನು, ನಾನು ಅಂಗಡಿ ಸೇರಿದಾಗ. ಆ ವಾರವೇ ಕೆಲಸಕ್ಕೆ ಸೇರಿದವನು, ಊರಿನ ಮನೆಗಳು ಗೊತ್ತಿಲ್ಲ. "ಕೊಟ್ಟು ಬಂದೆ. ಇವತ್ತು ಕೆಲಸ ಕಮ್ಮಿ ಅಂದ್ಕೊಂಡು ಟೀ ಕುಡೀತಾ ಕೂತೆ."

"ಕೂತ, ಕಲ್ಲು ಕೂತ ಹಾಗೆ," ಎಂದರು ಅತ್ತಿಗೆ.

ಮೇಷ್ಟ್ರ ಮಗಳು ಫೋನ್ ಮಾಡಿ ಬೈದ ಮೇಲೆಯೇ ಅವರಿಗೆ ತಿಳಿದದ್ದು. ಒಬ್ಬೊಬ್ಬರಿಗೂ ಫೋನ್ ಮಾಡಿ, ವಿಳಾಸ ಕೇಳಿ, ವ್ಯಾನ್ ಓಡಿಸಿದ್ದರು. ಎಲ್ಲರಿಗೂ ಮುಟ್ಟಿತ್ತು, ಹೊಲಿಗೆಯಮ್ಮನಿಗೆ ಬಿಟ್ಟು. ಅವರು ಒಬ್ಬಂಟಿ. ಫೋನ್ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಹಿಂದಿನ ವಾರವಷ್ಟೇ ಮನೆ ಬದಲಿಸಿದ್ದರು. ಸಿಲಿಂಡರನ್ನೂ ಹೊಲಿಗೆ ಯಂತ್ರವನ್ನೂ ಹೊಸ ಮನೆಗೆ ಸಾಗಿಸಿಕೊಟ್ಟವನು ನನ್ನ ಗಂಡ. ಸಂಜೆ ಬಂದು ವಿಳಾಸವನ್ನು ಪುಟಕ್ಕೆ ಸೇರಿಸಿದ. ಮರುದಿನ ಬೆಳಿಗ್ಗೆ ಲಾರಿಗೆ ಸಿಕ್ಕಿಹೋದ.

"ಎಲ್ಲಿ ಅಂತ ನಿಂಗೇನಾದ್ರೂ ಅಂದಿದ್ನಾ?"

"ಇಲ್ಲ."

"ಅವರ ಸಿಲಿಂಡರ್ ಇವತ್ತಿನ ತನಕ ಬಂದ್ರೆ ಹೆಚ್ಚು ಕಣೇ."

ಲ್ಯಾಪ್‌ಟಾಪ್ ತೆರೆದೆ. ವಿಳಾಸಗಳಿರುವುದು ದೂರದ ಸರ್ವರ್‌ನಲ್ಲಿ. ಅವುಗಳನ್ನು ನೇರವಾಗಿ ನೋಡಲು ಬೇಕಾದ ಪಾಸ್‌ವರ್ಡ್ ಅವನ ತಲೆಯಲ್ಲಿತ್ತು. ನನಗೆ ಸಿಕ್ಕಿದ್ದು ಅವನು ಬರೆದ ಕೋಡ್ ಮಾತ್ರ. ಕೊನೆಯ ಸಂಜೆ ಏನೋ ಬದಲಾಯಿಸಿದ್ದ. ಅದುವರೆಗೆ ಸಾಲು ಬಿಡಿಸುವ ಕೆಲಸ ಅತ್ತಿಗೆಯ ಕಂಪ್ಯೂಟರಿನಲ್ಲೇ, ಪುಟದೊಳಗೇ ನಡೆಯುತ್ತಿತ್ತು. ಅದನ್ನು ಸರ್ವರ್‌ಗೆ ವರ್ಗಾಯಿಸಿದ್ದ. ಓದಿದೆ. ತಪ್ಪು ಕಾಣಲಿಲ್ಲ. ಮತ್ತೆ ಓದಿದೆ. ಅಕ್ಷರಗಳು ಕಣ್ಣಿಗೆ ತಾಗುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ. ಹೊಲಿಗೆಯಮ್ಮ ಸತ್ತರೆ ಕೊಂದವನು ಅವನು. ಸತ್ತ ಮೇಲೆ.

ಅತ್ತಿಗೆ ತಮ್ಮ ಕಂಪ್ಯೂಟರಿನಲ್ಲಿ ಮೊಬೈಲಿನ ಹಳೆಯ ಪಟ್ಟಿಯನ್ನು ತಂದು ಅಂಟಿಸಿ ಬಟನ್ ಒತ್ತುತ್ತಲೇ ಇದ್ದರು. ವ್ಯಾನಿನವನ ಫೋನ್ ಟಿಂಗ್ ಎಂದಿತು.

"ಮತ್ತೆ ಗೊಣಗಪ್ಪ. ಮುದುಕನ ಮನೇಲೇ ಗೋದಾಮು ಮಾಡಿಬಿಡೋಣ ಅಕ್ಕ."

"ಬಾಯಿ ಮುಚ್ಚು," ಎಂದರು ಅತ್ತಿಗೆ.

"ಹೊಲಿಗೆಯಮ್ಮ ಒಬ್ಬರ ಹೆಸರೇ ಹಾಕಿ ನೋಡಿದ್ರಾ?" ಎಂದು ಕೇಳಿದೆ.

"ಅಷ್ಟೂ ತಿಳಿಯಲ್ವಾ ನಂಗೆ? ಆಗ್ಲೇ ಹಾಕ್ದೆ, ಬರಲಿಲ್ಲ. ನೋಡು ಬೇಕಾದ್ರೆ."

ಚೌಕ ಅಳಿಸಿ, ಒಂದು ಬೆರಳಿನಿಂದ ಹುಡುಕಿ ಹುಡುಕಿ ಹೊಲಿಗೆಯಮ್ಮ ಎಂದು ಹೊಡೆದರು. ಹೊಡೆದು, ಎಂಟರ್ ಒತ್ತಿದರು. ಆಮೇಲೆ ಬಟನ್. "ಆಯ್ತು" ಎಂದಿತು ಪುಟ. ಫೋನ್ ಸುಮ್ಮನಿತ್ತು.

"ಆ ಎಂಟರ್ ಯಾಕೆ ಒತ್ತಿದ್ರಿ?"

"ಹೆಸರು ಮುಗೀತಲ್ಲ. ದಾರಕ್ಕೆ ಗಂಟು ಹಾಕಲ್ವಾ, ಹಾಗೆ. ಯಾವಾಗ್ಲೂ ಒತ್ತೋದೇ."

"ಗೊಣಗಪ್ಪನ ಆಮೇಲೆ?"

"ಅವರು ಕೊನೇ ಹೆಸರು. ಅದು ಮೊಬೈಲಿಂದ ಬಂದಿದ್ದು, ನಾನೆಲ್ಲಿ ಒತ್ತಿದೆ?"

ಮತ್ತೊಮ್ಮೆ ಹೊಡೆಸಿದೆ. ಈ ಬಾರಿಯೂ ಅವರ ಬೆರಳು ತಾನಾಗಿ ಎಂಟರ್‌ಗೆ ಹೋಯಿತು. ಹೆಸರಿನ ಕೆಳಗಿನ ಖಾಲಿ ಸಾಲಿನಲ್ಲಿ ಕರ್ಸರ್ ಮಿಟುಕುತ್ತಿತ್ತು. ನಾನು ಅದನ್ನು ಹಿಂದಕ್ಕೆ ಅಳಿಸಿ, ಹೆಸರಿನ ಪಕ್ಕಕ್ಕೆ ತಂದು ನಿಲ್ಲಿಸಿ, ಬಟನ್ ಒತ್ತಿದೆ.

ಟಿಂಗ್.

"ಬಂತು," ಎಂದ ವ್ಯಾನಿನವನು. ವಿಳಾಸವನ್ನು ಗಟ್ಟಿಯಾಗಿ ಓದುತ್ತಲೇ ಮೆಟ್ಟಿಲಿಳಿದು ಓಡಿದ.

ಅತ್ತಿಗೆ ಕುರ್ಚಿಯಲ್ಲಿ ಕುಸಿದರು. ನನಗೆ ಕೂರಲಾಗಲಿಲ್ಲ. ನಿಂತುಕೊಂಡೇ ಕೋಡ್ ನೋಡಿದೆ. ಈಗ ಕಂಡಿತು. ಎಂಟರ್ ಒತ್ತಿದಾಗ ಸಾಲಿನ ತುದಿಗೆ ಕಣ್ಣಿಗೆ ಕಾಣದ ಗುರುತೊಂದು ಬೀಳುತ್ತದೆ. ಪುಟದೊಳಗೆ ಇರುವವರೆಗೆ ಅದು ಒಂದೇ. ಚೌಕದಲ್ಲಿದ್ದದ್ದು ಸರ್ವರ್‌ಗೆ ಹೊರಟಾಗ ಅದರ ಮುಂದೆ ಇನ್ನೊಂದು ಸೇರಿ ಎರಡಾಗುತ್ತದೆ. ಅವನು ಎರಡನೆಯದನ್ನು ಮಾತ್ರ ನೋಡಿ ಕತ್ತರಿಸಿದ್ದ. ಮೊದಲನೆಯದು ಹೆಸರಿನ ಬಾಲಕ್ಕೆ ಅಂಟಿಕೊಂಡೇ ಉಳಿಯುತ್ತಿತ್ತು. ಬಾಲವಿರುವ ಹೊಲಿಗೆಯಮ್ಮ ಸರ್ವರ್‌ಗೆ ಬೇರೆಯೇ ಯಾರೋ. ತುದಿಯಲ್ಲಿ ಎಂಟರ್ ಇಲ್ಲದ ಕೊನೆಯ ಸಾಲು ಮಾತ್ರ ಚೊಕ್ಕ. ಅವನು ಒಂದೇ ಹೆಸರು ಹೊಡೆದು ಪರೀಕ್ಷೆ ಮಾಡಿರಬೇಕು, ಎಂಟರ್ ಒತ್ತದೆ. ಗಂಟು ಹಾಕುವ ಅಭ್ಯಾಸ ಅವನಿಗಿರಲಿಲ್ಲ.

ಗುರುತು ಒಂದಿದ್ದರೂ ಎರಡಿದ್ದರೂ ಪೂರ್ತಿ ಕತ್ತರಿಸುವಂತೆ ಆ ಸಾಲನ್ನು ಬದಲಿಸಿದೆ. ಹೆಸರಿನ ಹಿಂದೆಮುಂದೆ ಅಂಟಿರುವುದನ್ನೆಲ್ಲ ಒರೆಸಿ, ಖಾಲಿ ಸಾಲು ಬಿಡುವಂತೆ ಮಾಡಿದೆ. ಕೆಂಪು ಅಕ್ಷರವನ್ನೂ ಹಿಂದಕ್ಕೆ ತಂದೆ. ಅತ್ತಿಗೆ ನೋಡುತ್ತಿದ್ದರು, ಬೇಡ ಎನ್ನಲಿಲ್ಲ. ಬದಲಿಸಿದ ಕೋಡನ್ನು ಸರ್ವರ್‌ಗೆ ಏರಿಸುವ ದಾರಿ ಆ ಲ್ಯಾಪ್‌ಟಾಪಿನಲ್ಲಿ ತೆರೆದೇ ಇತ್ತು. ಏರಿಸಿದೆ. ಅವನು ಬರೆದ ಕೊನೆಯ ಸಾಲು ಹೋಯಿತು. ಏನೂ ಅನ್ನಿಸಲಿಲ್ಲ.

ಫೋನ್ ಬಂತು. ಅತ್ತಿಗೆ ಸ್ಪೀಕರ್ ಹಾಕಿದರು. ವ್ಯಾನಿನವನು ಏದುಸಿರು ಬಿಡುತ್ತಿದ್ದ.

"ಉಸಿರಿದೆ ಅಕ್ಕ. ತುಟಿ ನೀಲಿಯಾಗಿದೆ. ತಾವೇ ಖಾಲಿ ಸಿಲಿಂಡರ್ ಬಿಚ್ಚಕ್ಕೆ ಹೋಗಿ ಬಿದ್ದಿದ್ದಾರೆ, ರೆಗ್ಯುಲೇಟರ್ ಒಡೆದುಹೋಗಿದೆ. ತುಂಬಿದ ಸಿಲಿಂಡರ್ ಪಕ್ಕದಲ್ಲಿಟ್ಕೊಂಡು ಏನೂ ಮಾಡಕ್ಕಾಗ್ತಿಲ್ಲ. ಆಂಬುಲೆನ್ಸ್‌ಗೆ ಹೇಳಿದೀನಿ, ಹೊತ್ತಾಗತ್ತಂತೆ."

ರೆಗ್ಯುಲೇಟರ್ ಎಂದರೆ ಸಿಲಿಂಡರಿನ ಬಾಯಿಗೆ ಬಿಗಿಯುವ ಮೀಟರು. ಅದಿಲ್ಲದೆ ಆಕ್ಸಿಜನ್ ನಳಿಗೆಗೆ ಇಳಿಯುವುದಿಲ್ಲ. ಅತ್ತಿಗೆ ಕಪಾಟು ತೆರೆದು, ಮುಚ್ಚಿ, ಮತ್ತೆ ತೆರೆದರು.

"ಇದ್ದಿದ್ದೆಲ್ಲ ಮನೆಗಳಿಗೆ ಹೋಗಿದೆ. ಒಂದು ಇತ್ತು." ನನ್ನ ಮುಖ ನೋಡದೆ ಹೇಳಿದರು. "ಫೋಟೋ ತೆಗೆದು ಪುಟಕ್ಕೆ ಹಾಕ್ತೀನಿ, ನಾಳೆ ಕೊಡ್ತೀನಿ ಅಂತ ತಗೊಂಡು ಹೋದ. ಹೇಗೆ ಕೇಳಲಿ ಅಂತ..."

"ಸ್ಕೂಟರ್ ಕೀ ಕೊಡಿ."

ಮನೆಗೆ ಹೋದೆ. ಅವನ ಮೇಜಿನ ಮೇಲೆ, ಬಿಳಿಯ ಹಾಳೆಯ ನಡುವೆ ಕುಳಿತಿತ್ತು, ಫೋಟೋಗೆ ತಯಾರಾಗಿ. ಆ ಕೋಣೆಯ ಬಾಗಿಲನ್ನು ನಾನು ಅದುವರೆಗೆ ತೆರೆದಿರಲಿಲ್ಲ. ಕೈಗೆತ್ತಿಕೊಂಡಾಗ ತಣ್ಣಗಿತ್ತು. ರವಿಕೆಯೊಳಗೆ ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸಿದೆ. ಎರಡು ಬಾರಿ ದಾರಿ ತಪ್ಪಿದೆ. ಯಾರನ್ನೋ ನಿಲ್ಲಿಸಿ ಕೇಳಿದೆ.

ಬಾಗಿಲು ತೆರೆದಿತ್ತು. ಅರ್ಧ ಹೊಲಿದ ಅಂಗಿ ಯಂತ್ರದ ಮೇಲೇ ಇತ್ತು. ವ್ಯಾನಿನವನು ನೆಲದಲ್ಲಿ ಕುಳಿತು ಹೊಲಿಗೆಯಮ್ಮನನ್ನು ಎದೆಗೆ ಒರಗಿಸಿಕೊಂಡಿದ್ದ. ಅವರ ಕಣ್ಣುಗಳು ತೆರೆದಿದ್ದವು. ಬಾಯಿ ಗಾಳಿಯನ್ನು ಕಚ್ಚುತ್ತಿತ್ತು.

ಕೈ ಚಾಚಿದೆ.

"ಅಂಗಡಿದು," ಎಂದೆ. "ನಮ್ಮನೇಲಿತ್ತು."

"ಇವರನ್ನ ಹಿಡ್ಕೊಳ್ಳಿ." ಅವನು ಅದನ್ನು ಕಿತ್ತುಕೊಂಡ. ಸಿಲಿಂಡರಿನ ಬಾಯಿಗಿಟ್ಟು, ಹಲ್ಲು ಕಚ್ಚಿ ತಿರುಪಿದ. ಮೀಟರಿನ ಮುಳ್ಳು ಅಲುಗಿ ಮೇಲೇರಿತು. ಮಾಸ್ಕನ್ನು ನಾನೇ ಮೂಗಿಗೆ ಒತ್ತಿ ಹಿಡಿದೆ. ಹೊಲಿಗೆಯಮ್ಮನ ಎದೆ ನನ್ನ ಕೈಯ ಕೆಳಗೆ ಒಮ್ಮೆ ಏರಿತು, ಇಳಿಯಿತು. ಮತ್ತೆ ಏರಲಿ ಎಂದು ಕಾಯುತ್ತ ಹಿಡಿದುಕೊಂಡೇ ಇದ್ದೆ.